ಎತ್ತು ನೋಡಲು ಹೋದ ಫಟಫಟಿ

ಬಂಗೂರನಗರ, ದಾಂಡೇಲಿ
ತಾ. ೧೮-೧೧-೧೯೬೩

ಸೌಭಾಗ್ಯವತಿ ಹೊಳೆವ್ವಗೆ ಶಂಕ್ರಪ್ಪನ ಆಶೀರ್ವಾದಗಳು.

ಇಲ್ಲಿ ನಾನೂ ಶಿವವ್ವನೂ ಕ್ಷೇಮ. ಅಲ್ಲಿ ನಿನ್ನ ಬಾಣಂತಿ ಮಗಳು ಗುರುಬಸವ್ವ ಹೇಗಿದ್ದಾಳೆ? ಕೂಸು ಮಲಗುತ್ತದೆಯೋ, ಅಜ್ಜಿಯನ್ನು ಕುಣಿಸುತ್ತದೆಯೋ? ನಿನ್ನ ಮಂಡಿನೋವಿಗೆ ಗದಗಿನ ಆ ವೈದ್ಯ ಕೊಟ್ಟ ಎಣ್ಣೆಯನ್ನು ಹಚ್ಚುವ ಮೊದಲು ಮೂಸಿ ನೋಡು. ಬರೀ ಕೊಬ್ಬರಿ ಎಣ್ಣೆಗೆ ಬಣ್ಣ ಹಾಕಿ ಕೊಟ್ಟಿರುತ್ತಾನೆ. ನನಗೆ ಎಲ್ಲರ ಮೇಲೂ ಸಂಶಯ ಎಂದು ನೀನು ನಗುತ್ತೀ. ನಗು. ನೀನೊಬ್ಬಳು ನಕ್ಕರೆ ಅಡ್ಡಿಯಿಲ್ಲ, ಮೋಸ ಹೋದ ಮೇಲೆ ಊರೆಲ್ಲ ನಗುತ್ತದೆ.

ಈಗ ಸುದ್ದಿ. ರವಿವಾರ ಹಳಿಯಾಳದ ತನಕ ಹೋಗಿ ಫಟಫಟಿ ರೂಢಿ ಮಾಡಿಕೊಂಡು ಬರುತ್ತೇನೆ ಎಂದು ಹಿಂದಿನ ಪತ್ರದಲ್ಲಿ ಬರೆದಿದ್ದೆನಲ್ಲ, ಅಲ್ಲಿಗೇ ನಿಲ್ಲಲಿಲ್ಲ. ಪಾಳಾಕ್ಕೆ ಹೋಗಿ ಬಂದೆ. ಸಿಟ್ಟಾಗಬೇಡ, ಪೂರ್ತಿ ಓದು. ಅಡಿವೆಯ್ಯ ಶಿವವ್ವಗೆ ಆ ಊರಿನ ಸಂಬಂಧ ತಂದಾಗಿನಿಂದ ನನಗೆ ನಿದ್ದೆ ಇಲ್ಲ. ಹುಡುಗ ಸಾತಪ್ಪ ಸಾಲಿ ಮಾಸ್ತರ, ಮನೆಯಲ್ಲಿ ಭತ್ತದ ಗದ್ದೆ, ಕಟ್ಟಿದ ಎಮ್ಮೆ, ಒಳ್ಳೆಯ ಮನೆತನ, ಎಲ್ಲ ಸರಿ. ಆದರೆ ವರದಕ್ಷಿಣೆಯ ಮಾತೇ ಇಲ್ಲ! ಬಾಯಿ ತೆರೆದು ಕೇಳುವವರನ್ನು ನಂಬಬಹುದು. ಏನೂ ಬೇಡ ಎನ್ನುವವರು ಏನನ್ನೋ ಮುಚ್ಚಿಟ್ಟಿರುತ್ತಾರೆ. ಹುಡುಗನಿಗೆ ಮೂರ್ಛೆರೋಗವೋ, ಇನ್ನೆಲ್ಲೋ ಒಂದು ಸಂಸಾರವೋ, ಯಾರಿಗೆ ಗೊತ್ತು? ಹೆಣ್ಣು ನೋಡಲು ಅವರ ಕಡೆಯ ಹೆಂಗಸರು ಬಂದ ದಿನ ನಾನು ಕಾಗದದ ಗಿರಣಿಯಲ್ಲಿ ಪಾಳಿಯ ಮೇಲಿದ್ದೆ. ನೀನು ಒಂದೇ ಭೇಟಿಗೆ ಕರಗಿ ಹೋದಿ. ನಿನ್ನದೇನು, ಕೈಗೆ ಬಳೆ ಏರಿಸುವವನೂ ನಿನಗೆ ಅಣ್ಣನೇ. ಹುಡುಗಿಯನ್ನು ಕೊಟ್ಟ ಮೇಲೆ ಅಳುವುದಕ್ಕಿಂತ ಕೊಡುವ ಮೊದಲು ಇಣುಕಿ ನೋಡುವುದು ಮೇಲು. ಬಸ್ಸಿಗೆ ಹೋದರೆ ಕಂಡಕ್ಟರನೇ ಊರಿಗೆಲ್ಲ ಡಂಗುರ ಹೊಡೆಯುತ್ತಾನೆ. ಅದಕ್ಕೇ ನಮ್ಮ ಪಾಳಿಯ ಲಗಮಪ್ಪನ ಫಟಫಟಿ.

ಕಲಿಸಿದವನೂ ಲಗಮಪ್ಪನೇ, ಗಾಡಿಯೂ ಅವನದೇ. ಆಟದ ಬಯಲಲ್ಲಿ ಸುತ್ತು ಹಾಕುವುದು ಬೇರೆ, ರಸ್ತೆ ಬೇರೆ. ಹಳಿಯಾಳದ ತನಕ ಬಿದಿರು ಹೇರಿದ ಲಾರಿಗಳು ನನ್ನನ್ನೇ ಹುಡುಕಿಕೊಂಡು ಬಂದ ಹಾಗೆ ಬಂದವು. ಪ್ರತಿಯೊಂದಕ್ಕೂ ಇಳಿದು, ಗಾಡಿಯನ್ನು ಹೊಲದ ಅಂಚಿಗೆ ನೂಕಿ ನಿಂತೆ. ಮುಂದೆ ಒಳರಸ್ತೆ ಹಿಡಿದ ಮೇಲೆ ಸಾಗವಾನಿ ಅಡವಿ. ಆಗಷ್ಟೇ ಮಂಜು ಕರಗಿತ್ತು, ಎಲೆಗಳ ಸಂದಿಯಿಂದ ಬಿಸಿಲು ರಸ್ತೆಗೆ ಬಿದ್ದಿತ್ತು. ಗಿರಣಿಯ ವಾಸನೆಯಿಲ್ಲದ ಗಾಳಿ ಮುಖಕ್ಕೆ ಹೊಡೆದಾಗ, ನಿಜ ಹೇಳುತ್ತೇನೆ, ಈ ವಯಸ್ಸಿನಲ್ಲಿ ಹಾಡಬೇಕೆನಿಸಿತು. ಬಾಯಿ ತೆರೆದೆ, ಹುಳ ಹೊಕ್ಕಿತು. ಅರಣ್ಯ ನಾಕೆಯಲ್ಲಿ ಗಾರ್ಡ್ ನನ್ನ ಬುತ್ತಿಯ ಗಂಟು ಬಿಚ್ಚಿಸಿದ. ರೊಟ್ಟಿಯ ನಡುವೆ ಗಂಧದ ಕಟ್ಟಿಗೆ ಇಟ್ಟುಕೊಂಡು ಯಾರಾದರೂ ಹೋಗುತ್ತಾರೆಯೇ? ಅವನಿಗೆ ನನ್ನ ಮೇಲೆ ಸಂಶಯ, ನನಗೆ ಅವನ ಮೇಲೆ. ಆಮೇಲೆ ನೋಡಿದರೆ ಒಂದು ರೊಟ್ಟಿ ಕಡಿಮೆ ಇತ್ತು.

ನಡು ಅಡವಿಯಲ್ಲಿ ಗಾಡಿ ಕೆಮ್ಮಿ ನಿಂತಿತು. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆಸಿದ್ದಾರೆ ಎಂದು ಬೈದೆ. ಲಗಮಪ್ಪ ಬೇಕೆಂತಲೇ ಕೆಟ್ಟ ಗಾಡಿ ಕೊಟ್ಟಿದ್ದಾನೆ ಎಂದು ಬೈದೆ. ಕಿಕ್ ಹೊಡೆದು ಹೊಡೆದು ಕಾಲು ಬಿದ್ದುಹೋಯಿತು. ಕಡೆಗೆ ಟಾಕಿಯ ಕೆಳಗಿನ ನಳದ ನೆನಪಾಯಿತು. ಮೇಲಿನ ಪೆಟ್ರೋಲು ತೀರಿದರೆ ಅದನ್ನು ಆಚೆಗೆ ತಿರುಗಿಸಬೇಕು, ತಳದಲ್ಲಿ ಇನ್ನೂ ಇರುತ್ತದೆ ಎಂದು ಲಗಮಪ್ಪ ಹತ್ತು ಸಲ ಹೇಳಿದ್ದ. ತಿರುಗಿಸಿದೆ, ಹೊರಟಿತು. ಇದನ್ನು ಅವನಿಗೆ ಮಾತ್ರ ಹೇಳಬೇಡ.

ಮುಂಡಗೋಡದಲ್ಲಿ ಪೆಟ್ರೋಲು ಹಾಕಿಸಿ ಪಾಳಾ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಹುಡುಗನ ತಂದೆ ಅಂದಾನೆಪ್ಪ ಕಣದಲ್ಲಿದ್ದ. ನನ್ನ ಹೆಸರು ಹೇಳಲಿಲ್ಲ. ಧಾರವಾಡ ಕಡೆಯವನು, ಎತ್ತು ಬೇಕಾಗಿತ್ತು ಎಂದೆ. ಅವನು ಗಾಡಿಯನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ. “ಎತ್ತು ಕೊಂಡ್ರ ಫಟಫಟಿ ಮ್ಯಾಲ ಹೆಂಗ ಒಯ್ತೀರಿ?” ಎಂದ. ಆಳು ಬಂದು ಹೊಡೆದುಕೊಂಡು ಹೋಗುತ್ತಾನೆ ಎಂದು ಸಂಭಾಳಿಸಿದೆ. ಪಾಪದ ಮನುಷ್ಯ, ನಂಬಿದ. ಕೊಟ್ಟಿಗೆಗೆ ಕರೆದೊಯ್ದು ಮೈತುಂಬಿದ ಎತ್ತೊಂದನ್ನು ತೋರಿಸಿದ. ಬಾಲ ಹಿಡಿದೆ, ಹಲ್ಲು ನೋಡಿದೆ, ಏನೂ ಊನವಿಲ್ಲ. ಆಗ ಅವನೇ, “ಇದು ಬಲಕ್ಕಷ್ಟ ನಡೀತೈತ್ರಿ. ನೊಗದ ಎಡಕ್ಕ ಕಟ್ಟಿದ್ರ ಕುಂತಬಿಡತೈತಿ. ಆಮ್ಯಾಲ ನನ್ನ ಬೈಬ್ಯಾಡ್ರಿ” ಎಂದ. ಮಾರುವವನು ತಾನಾಗಿ ಊನ ಹೇಳಿದ್ದನ್ನು ನಾನು ಇದೇ ಮೊದಲು ಕೇಳಿದ್ದು. ಇದರಲ್ಲೂ ಏನೋ ಹೂಟ ಇರಬೇಕು ಎಂದುಕೊಂಡೆ.

ಊಟಕ್ಕೆ ಏಳಿಸಿದರು. ಎಲೆಗೆ ಹೋಳಿಗೆ ಬಂತು. ಮಾತು ಮುಗಿಯುವ ಮೊದಲು ಗಂಡಿನವರ ಮನೆಯಲ್ಲಿ ಹೋಳಿಗೆ ತಿಂದರೆ ಹೆಣ್ಣು ಕೊಟ್ಟ ಹಾಗೇ ಎಂದು ನಿಮ್ಮವ್ವ ಹೇಳುತ್ತಿದ್ದದ್ದು ನೆನಪಾಯಿತು. ಆದರೆ ನಾನು ಎತ್ತಿನ ಗಿರಾಕಿ! ಗಿರಾಕಿ ಹೋಳಿಗೆ ಬೇಡ ಎಂದರೆ ಸಂಶಯ ಬರುವುದಿಲ್ಲವೇ? ತಿಂದೆ. ಬಡಿಸಿದವಳು ಇಪ್ಪತ್ತೈದರ ಹೆಣ್ಣುಮಗಳು, ಮಾಲವ್ವ ಎಂದು ಕರೆದರು. ಹೋಳಿಗೆಗೆ ಬಿಸಿ ಹಾಲು ಹಾಕಿದಳು, ತುಪ್ಪ ಮಾತ್ರ ಇಲ್ಲ. ಅಂದಾನೆಪ್ಪನ ಎಲೆಗೆ ತುಪ್ಪ ಸುರಿದಳು, ನನಗಿಲ್ಲ. ಎಮ್ಮೆ ಕಟ್ಟಿದ ಮನೆಯಲ್ಲಿ ಬಂದವರಿಗೆ ತುಪ್ಪವಿಲ್ಲವೆಂದರೆ ಜಿಪುಣರ ಮನೆ ಎಂದು ಮನಸ್ಸಿನಲ್ಲೇ ಒಂದು ಗುರುತು ಹಾಕಿಕೊಂಡೆ.

ಆಮೇಲೆ ಅವಳ ಕೊರಳು ನೋಡಿದೆ. ತಾಳಿ ಇದೆ. ಮದುವೆಯಾದ ಮಗಳು ಸುಗ್ಗಿಯ ಕಾಲದಲ್ಲಿ ತವರಿನಲ್ಲಿ ಯಾಕಿದ್ದಾಳೆ? ಅಡಿವೆಯ್ಯ ಇವಳ ಸುದ್ದಿಯನ್ನೇ ಎತ್ತಿರಲಿಲ್ಲ. ಸಿಕ್ಕಿತು ಗುಟ್ಟು ಎಂದುಕೊಂಡೆ. ಕೈ ತೊಳೆಯುವಾಗ ಮೆಲ್ಲಗೆ, ಮಗಳು ತವರಿಗೆ ಬಂದಾಳೇನ್ರಿ ಎಂದು ಕೆದಕಿದೆ. ಅಂದಾನೆಪ್ಪ ಚೊಂಬು ಕೆಳಗಿಟ್ಟ. “ಬಂದಿಲ್ರಿ, ಗಂಡನ ಮನ್ಯಾವ್ರ ಕಳಿಸ್ಯಾರ. ಕೇಳಿದ್ದೆಲ್ಲಾ ಕೊಟ್ವಿ, ಮತ್ತ ಕೇಳಿದ್ರು. ಇಲ್ಲಂದಿದ್ದಕ್ಕ ಹೊಸ್ತಿಲದ ಹೊರಗ ನಿಲ್ಲಿಸಿದ್ರು. ಈಗ ತಮ್ಮನ ಲಗ್ನಕ್ಕ ಹೆಣ್ಣಿನವರ ಕಡೆ ಒಂದು ಬಿಡಿಕಾಸು ಕೇಳಿದ್ರ ಈ ಮನ್ಯಾಗ ನಾ ಇರಂಗಿಲ್ಲ ಅಂತ ಹಠ ಹಿಡದಾಳ” ಎಂದ. ಹೊಳೆವ್ವ, ನಾನು ಹಗಲಿರುಳು ಹುಡುಕಿದ ಕಳ್ಳತನ ಇದಾಗಿತ್ತು. ಹೆಣ್ಣು ನೋಡಲು ಬಂದ ಹೆಂಗಸರಲ್ಲಿ ಅವಳೂ ಇದ್ದಳೋ ಏನೋ, ನಮ್ಮ ಶಿವವ್ವನನ್ನು ಕಂಡು ತನ್ನನ್ನೇ ನೆನೆಸಿಕೊಂಡಿರಬೇಕು. ಮುಖ ತಿರುಗಿಸಿ ಎತ್ತಿನ ಕಡೆ ನೋಡುತ್ತ ನಿಂತೆ.

ಹೊತ್ತು ಮುಳುಗುವಷ್ಟರಲ್ಲಿ ಮನೆ ಸೇರಿದೆ. ಬೆನ್ನು ಹಿಡಿದಿದೆ, ಬೀಳಲಿಲ್ಲ. ಕೂಸಿಗೆ ನನ್ನ ಮುತ್ತು, ಗುರುಬಸವ್ವಗೆ ಆಶೀರ್ವಾದ, ಬೀಗರಿಗೆ ಶರಣಾರ್ಥಿ ತಿಳಿಸು. ಆ ಎಣ್ಣೆ ಮೂಸಲು ಮರೆಯಬೇಡ.

ನಿನ್ನ
ಶಂಕ್ರಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ನಾನು ಗಾಡಿ ಹತ್ತುವಾಗ ಮಾಲವ್ವ ಬಾಗಿಲಿಗೆ ಬಂದು, “ಸಾವಕಾಶ ಹೋಗ್ರಿ ಕಾಕಾ. ಶಿವವ್ವಗ ನಾ ಕೇಳೀನಂತ ಹೇಳ್ರಿ” ಎಂದಳು. ಅಂದಾನೆಪ್ಪ ಕಣ್ಣು ಕಣ್ಣು ಬಿಟ್ಟ. ನಾನೂ ಬಿಟ್ಟೆ. ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಬಂದೆ. ಹಬ್ಬ ಹುಣ್ಣಿಮೆ ಇಲ್ಲದ ದಿನ ಕಡಲೆಬೇಳೆ ಬೇಯಿಸಿ ಹೂರಣ ರುಬ್ಬಿಕೊಂಡು ಯಾರ ದಾರಿ ಕಾಯುತ್ತಿದ್ದರು? ನಾನು ರವಿವಾರ ಫಟಫಟಿ ಹತ್ತುತ್ತೇನೆಂದು ಬರೆದದ್ದು ನಿನಗೊಬ್ಬಳಿಗೇ. ಹಳಿಯಾಳ ಎಂದದ್ದನ್ನು ನೀನು ಪಾಳಾ ಎಂದೇ ಓದಿಕೊಂಡಿರಬೇಕು. ತುಪ್ಪ ತಿಂದರೆ ನನಗೆ ಕೆಮ್ಮು ಹತ್ತುತ್ತದೆ, ಹೋಳಿಗೆಗೆ ಬರೀ ಹಾಲೇ ಬೇಕು ಎಂಬುದು ಈ ಲೋಕದಲ್ಲಿ ಗೊತ್ತಿರುವುದೂ ನಿನಗೊಬ್ಬಳಿಗೇ. ಎರಡು ಹೋಳಿಗೆ ತಿಂದಿದ್ದೇನೆ. ಇನ್ನು ಹಿಂದೆ ಸರಿಯುವ ಹಾಗಿಲ್ಲ, ಮನಸ್ಸೂ ಇಲ್ಲ. ನಿಶ್ಚಯಕ್ಕೆ ದಿನ ನೋಡಿರಿ ಎಂದು ಪಾಳಾಕ್ಕೆ ನೀನೇ ಬರಿ. ನನ್ನ ಫಟಫಟಿಗಿಂತ ನಿನ್ನ ಮಾತು ಮೊದಲು ಮುಟ್ಟುತ್ತದೆ.