ಬಲಗಡೆ ಬರ್ರಿ ಸರ್

ಹಳಿಯಾಳ
ಸೆಪ್ಟೆಂಬರ್ 15, 2024, ರವಿವಾರ

ನನ್ನ ಪ್ರೀತಿಯ ಹೀನಾ,

ಮುಂಡಗೋಡದ ನಿನ್ನ ಕಾಲೇಜು, ನಿನ್ನ ಹುಡುಗರು ಎಲ್ಲ ಕ್ಷೇಮವೇ? ಇಷ್ಟು ದಿನ ನಿನ್ನ ಫೋನ್ ಎತ್ತಲಿಲ್ಲವೆಂದು ಸಿಟ್ಟಾಗಿದ್ದೀಯಲ್ಲ, ಕಾರಣ ಹೇಳುತ್ತೇನೆ. ಮೇ ತಿಂಗಳಲ್ಲಿ ಬಂದ ಜ್ವರ ಇಳಿದಾಗ ಎಡಗಿವಿ ಹೆಚ್ಚುಕಡಿಮೆ ಕೇಳದಂತಾಗಿತ್ತು. ಬಲಗಿವಿಯೂ ಮಂದವಾಗಿತ್ತು. ಫೋನಿನಲ್ಲಿ ಯಾರ ಮಾತೂ ಸ್ಪಷ್ಟವಾಗಿ ತಿಳಿಯುತ್ತಿರಲಿಲ್ಲ. ಗಾಬರಿಯಾಗಬೇಡ, ಪೂರ್ತಿ ಓದು. ನಾನು ಚೆನ್ನಾಗಿದ್ದೇನೆ.

ಕಾಲೇಜು ಶುರುವಾದಾಗ ಇದನ್ನು ಯಾರಿಗೂ ಹೇಳಲಿಲ್ಲ. ಅತಿಥಿ ಉಪನ್ಯಾಸಕಿಯ ಕೆಲಸ ಎಂಥದ್ದೆಂದು ನಿನಗೂ ಗೊತ್ತು. ಕಿವಿ ಕೇಳದ ಮೇಡಂ ಎಂದು ಒಮ್ಮೆ ಹೆಸರು ಬಿದ್ದರೆ ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ. ತೇರಗಾಂವದ ನಮ್ಮ ಸಿದ್ದಿ ಜನರ ಮನೆಗಳಲ್ಲಿ ಕಾಲೇಜಿನಲ್ಲಿ ಕಲಿಸುವವಳು ನಾನೊಬ್ಬಳೇ. ಅಪ್ಪ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಅದನ್ನೇ ಹೇಳುತ್ತಾನೆ.

ಹಾಗಾಗಿ ಯಾರೂ ಪ್ರಶ್ನೆ ಕೇಳಲು ಬಿಡದೆ ಗಂಟೆ ಹೊಡೆಯುವವರೆಗೂ ಅರ್ಥಶಾಸ್ತ್ರದ ನೋಟ್ಸ್ ಬರೆಸುತ್ತಿದ್ದೆ. ನಿಮ್ಮ ಕ್ಲಾಸು ಬಹಳ ಶಾಂತ ಎಂದು ಪ್ರಾಚಾರ್ಯರಾದ ಮಹಾಬಳೇಶ್ವರ ಸರ್ ಹೊಗಳಿದರು! ಆದರೆ ಮೊದಲ ಕಿರುಪರೀಕ್ಷೆಯ ಉತ್ತರಗಳನ್ನು ತಿದ್ದುವಾಗ ನನಗೆ ಅಳು ಬಂತು. ಎಲ್ಲವೂ ನಾನೇ ಬರೆಸಿದ ಸಾಲುಗಳು, ಯಾವುದೋ ಪ್ರಶ್ನೆಗೆ ಯಾವುದೋ ಉತ್ತರ. ಕುಂಬಾರವಾಡದಿಂದ ಬಂದು ಇಲ್ಲಿ ಹಾಸ್ಟೆಲಿನಲ್ಲಿರುವ ರುಕ್ಮಾ ಎಂಬ ಹುಡುಗಿ ಹೆಸರು ಬರೆದು ಖಾಲಿ ಹಾಳೆ ಕೊಟ್ಟಿದ್ದಳು. ಅವಳ ದನಿ ಹೇಗಿದೆ ಎಂದೇ ನನಗೆ ಗೊತ್ತಿರಲಿಲ್ಲ.

ಮರುದಿನ ಧೈರ್ಯ ಮಾಡಿ ಹುಡುಗರಿಗೆ ಹೇಳಿಬಿಟ್ಟೆ. "ನನಗ ಎಡಗಿವಿ ಕೇಳಂಗಿಲ್ಲ. ಮಾತಾಡೂ ಮುಂದ ನನ್ನ ಬಲಗಡೆ ಬರ್ರಿ, ಮಾರಿ ನೋಡಿ ಮಾತಾಡ್ರಿ. ನಾ ಹೇಳಿದ್ದು ಎಲ್ಲಿ ತಿಳೀಲಿಲ್ಲ ಅನ್ನೂದನ್ನ ಬಿಡದ ಹೇಳ್ರಿ."

ಆಮೇಲೆ ದಾಂಡೇಲಿಯಿಂದ ಬರುವ ಜ್ಯೋತಿಬಾ ಎದ್ದು, "ನಮಗೂ ಹಿಂದಿನ ಬೆಂಚಿಗೆ ಬೋರ್ಡ್ ಕಾಣಂಗಿಲ್ರೀ ಮೇಡಂ. ಹೇಳಾಕ ಹೆದರಿಕಿ ಇತ್ರಿ" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವತ್ತೇ ಬೆಂಚುಗಳನ್ನು ಎಳೆದು ಎದುರುಬದುರು ಹಾಕಿದೆವು.

ಈಗ ನಾನು ಸ್ವಲ್ಪ ಪಾಠ ಹೇಳಿ ಸುಮ್ಮನಾಗುತ್ತೇನೆ. ಅವರು ಗುಂಪುಗುಂಪಾಗಿ ಕೊಂಕಣಿಯೋ ಮರಾಠಿಯೋ ಉರ್ದುವೋ, ಬಾಯಿಗೆ ಬಂದ ಭಾಷೆಯಲ್ಲಿ ಮಾತಾಡಿಕೊಂಡು ಆಮೇಲೆ ಕನ್ನಡದಲ್ಲಿ ನನಗೆ ತಿಳಿಸುತ್ತಾರೆ. ಸಂಜೆ ಮನೆಗೆ ನಡೆಯುತ್ತ, ಇವತ್ತು ಯಾರ ಮಾತು ಕೇಳದೇ ಉಳಿಯಿತು, ಯಾವ ಕಡೆ ನನ್ನ ಪಾಠವೇ ಗೋಜಲಾಯಿತು ಎಂದು ಯೋಚಿಸುತ್ತೇನೆ. ಮರುದಿನ ಮೊದಲು ಅವರ ಬೆಂಚಿಗೇ ಹೋಗಿ ಕೂಡುತ್ತೇನೆ. ಹಾಗೆ ಕೂತಾಗಲೇ ರುಕ್ಮಾ ಮೆಲ್ಲಗೆ, "ಪುಸ್ತಕದ ಕನ್ನಡ ನನ್ನ ಬಾಯಾಗ ಬರೂದಿಲ್ರಿ" ಅಂದಿದ್ದು. ನಿನ್ನ ಮನೆಮಾತಿನಲ್ಲೇ ಶುರು ಮಾಡು ಅಂದೆ.

ಬೇಡಿಕೆ, ಪೂರೈಕೆಯ ಪಾಠದ ದಿನ ಅವಳು ತಮ್ಮೂರಿನವರು ಮುರುಗಲ, ಅಂದರೆ ಕೋಕಂ ಹಣ್ಣನ್ನು ಅಗ್ಗಕ್ಕೆ ಮಾರುವ ಮಾತು ತೆಗೆದಳು. ಒಳ್ಳೆಯ ಬೆಲೆ ಬರುವವರೆಗೆ ಇಟ್ಟುಕೊಳ್ಳದೆ ಯಾಕೆ ಮಾರುತ್ತೀರಿ ಎಂದು ಜ್ಯೋತಿಬಾ ಛೇಡಿಸಿದ. ರುಕ್ಮಾ ಎದ್ದು ನಿಂತಳು. "ನಿಮ್ಮೂರಾಗ ಕೈ ಮಾಡಿದ್ರ ಬಸ್ ನಿಲ್ತೈತಿ. ನಮ್ಮೂರಿಗೆ ಮಳಿ ಹಿಡೀತಂದ್ರ ಬಸ್ಸ ಬರೂದಿಲ್ಲ. ಇಟ್ಟ ಹಣ್ಣು ಕೊಳೀತೈತಿ. ನೀ ಬಂದು ಹೊತ್ಕೊಂಡು ಹೋಗ್ತೀಯೇನು?"

ಕ್ಲಾಸೆಲ್ಲ ಹೋ ಎಂದಿತು. ಆ ಗದ್ದಲಕ್ಕೆ ಪ್ರಾಚಾರ್ಯರು ಎಡಗಡೆಯ ಬಾಗಿಲಲ್ಲಿ ಬಂದು ನಿಂತು ನನ್ನನ್ನು ಕೂಗಿದ್ದಾರೆ. ನಾನು ಬೋರ್ಡಿನ ಮೇಲೆ ಬರೆಯುತ್ತಲೇ ಇದ್ದೆ. ಮತ್ತೆ ಕೂಗಿದ್ದಾರೆ. ಆಗ ರುಕ್ಮಾ, "ಬಲಗಡೆ ಬರ್ರಿ ಸರ್, ಮೇಡಂ ಅವರಿಗೆ ಆ ಕಡೆ ಕೇಳಂಗಿಲ್ಲ" ಅಂದಳಂತೆ. ನಾನು ತಿರುಗಿ ನೋಡುವಷ್ಟರಲ್ಲಿ ಸರ್ ಮೇಜು ಸುತ್ತಿಕೊಂಡು ನನ್ನ ಬಲಗಡೆ ಬಂದು ನಿಂತಿದ್ದರು. ನನ್ನ ಕೆಲಸ ಹೋಯಿತೆಂದೇ ತಿಳಿದೆ. ಅವರು ಮಾತ್ರ ಹೋಗಿ ಒಂದು ಬೆಂಚಿನಲ್ಲಿ ಕೂತರು, ಗಂಟೆ ಹೊಡೆಯುವವರೆಗೂ.

ಆಮೇಲೆ ತಮ್ಮ ಕೋಣೆಗೆ ಕರೆಸಿ, ಕಿವಿಯ ವಿಷಯ ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದರು. ಹೆದರಿಕೆಯಿಂದ ಅಂದೆ. "ಗದ್ದಲ ಭಾಳ ಆಗ್ತೈತ್ರಿ, ಅದಂತೂ ಖರೇ. ನಿಮ್ಮ ಕ್ಲಾಸಿಗೆ ಆ ಮೂಲಿ ಖೋಲಿ ತಗೋರಿ. ಮುಂದಿನ ಮೀಟಿಂಗಿನಾಗ ಹೆಂಗ ಕಲಸ್ತೀರಿ ಅಂತ ಎಲ್ಲಾರಿಗೂ ಹೇಳ್ರಿ" ಅಂದರು. ಮುಂದಿನ ವರ್ಷದ ಮಾತು ಅವರು ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಎರಡನೆಯ ಪರೀಕ್ಷೆಯಲ್ಲಿ ರುಕ್ಮಾ ಹಾಳೆಯ ಎರಡೂ ಮಗ್ಗುಲು ಬರೆದಳು. ಕಾಗುಣಿತ ಅಲ್ಲಲ್ಲಿ ತಪ್ಪಿತ್ತು, ಮಾತು ಪೂರ್ತಿ ಅವಳದೇ. ಪಾಸಾದಳು. ಸಂತೋಷಕ್ಕೆ ಅವತ್ತು ಸಂಜೆ ನಾನು ಒಬ್ಬಳೇ ಮಿರ್ಚಿ ಭಜಿ ತಿಂದೆ.

ಅತ್ತಿವೇರಿ ಪಕ್ಷಿಧಾಮಕ್ಕೆ ಹಕ್ಕಿಗಳು ಬಂದಾಗ ತಿಳಿಸು, ಬರುತ್ತೇನೆ. ಅಮ್ಮಿಗೆ ನನ್ನ ಸಲಾಂ.

ನಿನ್ನವಳೇ ಆದ
ಜ್ಯೂಲಿ

ತಾ.ಕ.: ಹಿಂದಿನ ವಾರ ಹುಬ್ಬಳ್ಳಿಗೆ ಹೋಗಿ ಕಿವಿಗೆ ಮಷಿನ್ ಹಾಕಿಸಿಕೊಂಡೆ. ನನ್ನ ಗುಂಗುರು ಕೂದಲಲ್ಲಿ ಯಾರಿಗೂ ಕಾಣುವುದಿಲ್ಲ. ಈಗ ಎಡಗಡೆಯೂ ಕೇಳುತ್ತದೆ. ಹುಡುಗರಿಗೆ ಇನ್ನೂ ಹೇಳಿಲ್ಲ. ನಾಳೆ ಹೇಳಬೇಕೆಂದು ದಿನಾ ಅಂದುಕೊಂಡು ಹೋಗುತ್ತೇನೆ. ಅಷ್ಟರಲ್ಲಿ ಯಾರೋ ಒಬ್ಬರು ಕಟ್ಟಕಡೆಯ ಬೆಂಚಿನಿಂದ ಎದ್ದು, ಇಡೀ ಖೋಲಿ ದಾಟಿ ಬಂದು, ನನ್ನ ಮಾರಿ ನೋಡುತ್ತ ಮಾತಾಡುತ್ತಾರೆ. ನಾನು ಸುಮ್ಮನಾಗುತ್ತೇನೆ.