ಅಳಿಸಿದ ಸಾಲಿನಲ್ಲಿ ಉಳಿದ ಊರು

ನೀರಿಳಿದ ನೂರಾ ಹನ್ನೆರಡನೆಯ ವರ್ಷ,
ಹದಿಮೂರನೆಯ ತಿಂಗಳ ಮೂವತ್ತೈದನೆಯ ದಿನ

ನೀರಿನ ಕಚೇರಿಯ ೮೮೨೧೩ನೆಯವನಿಗೆ,

ಈ ತಾರೀಖು ನಿನ್ನ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ನನ್ನ ಕೆಲವು ಪದಗಳೂ ನಿನಗೆ ವಿಚಿತ್ರವೆನಿಸಬಹುದು. ಅದಕ್ಕೆ ಮೊದಲೇ ಕ್ಷಮೆ ಇರಲಿ. ಉಳಿದದ್ದಕ್ಕೆ ಕ್ಷಮೆ ಕೇಳುವುದಿಲ್ಲ. ನೀನು ನನಗಿಂತ ಇನ್ನೂರು ವರ್ಷ ಹಿರಿಯ, ಬಹುವಚನ ಹಚ್ಚಬೇಕು, ಕೈ ಬರುತ್ತಿಲ್ಲ. ನಿನ್ನ ಹೆಸರು ಗೊತ್ತಿಲ್ಲ. ನೀನು ಅಳಿಸಿದ ಸಾಲಿನ ತಲೆಯ ಮೇಲೆ ಆ ಅಳಿಸುವ ಕೆಲಸದ ಸಂಖ್ಯೆಯೊಂದು ಉಳಿದಿದೆ. ಅದನ್ನೇ ನಿನ್ನ ಹೆಸರು ಮಾಡಿಕೊಂಡಿದ್ದೇನೆ.

ನಾನು ಬಾಳವ್ವ, ಐವತ್ತು ವರ್ಷದವಳು. ಊರ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಕಲಿತು ತಟ್ಟೆಗಾತಿಯಾದೆ. ಅಂದರೆ ಮಣ್ಣಿನಿಂದ ತೆಗೆದ ನಿಮ್ಮ ಡಿಸ್ಕುಗಳನ್ನು ಒರೆಸಿ ಓದುವವಳು. ಬೆಳಿಗ್ಗೆ ಮಿಂದು, ಒರತೆಯ ಅವ್ವನಿಗೆ ಕೈಮುಗಿದು, ಬಿಸಿಲುಗಾಣಕ್ಕೆ ತಟ್ಟೆ ಏರಿಸುತ್ತೇನೆ. ಬಿಸಿಲಿನ ಬಲದಿಂದ ತಿರುಗಿ ತಟ್ಟೆ ಓದುವ ಯಂತ್ರ ಅದು. ಮಧ್ಯಾಹ್ನ ಅಲ್ಲೇ ನವಣೆ ರೊಟ್ಟಿ, ಹುಣಸೆ ಚಿಗುರಿನ ಪಲ್ಯ. ಮೋಡ ಕವಿದರೆ ಗಾಣ ನಿಲ್ಲುತ್ತದೆ, ಆಗ ಕೌದಿ ಹೊಲಿಯುತ್ತೇನೆ. ಇಪ್ಪತ್ತಾರು ವರ್ಷದಿಂದ ನಿಮ್ಮ ಜನರು ಬಿಟ್ಟುಹೋದದ್ದನ್ನು ಓದಿದ್ದೇನೆ. ಗೌರವ ಉಳಿದಿಲ್ಲ.

ನೀವು ಗಾಜಿನ ಮೇಲೆ ಪಟ್ಟಿ ತೋರಿಸುತ್ತಿದ್ದಿರಂತೆ, ನೆಟ್ಟಗಿನ ಸಾಲು, ನೆಟ್ಟಗಿನ ಕಂಬ. ಬಾಗಿಲಿಗೆ ರಂಗೋಲಿ. ಒಳಗೆ ಬಂದು ನೋಡಿದರೆ ಪಟ್ಟಿಯೇ ಇಲ್ಲ, ಒಂದು ಫೈಲು. ಅದರ ಹೆಸರು ೧೬೪೦೭. ನಾವು ಆಡಿನ ಮರಿಗೂ ಹೆಸರಿಡುತ್ತೇವೆ. ನೀವು ಊರುಗಳ ಪಟ್ಟಿಗೆ ಸಂಖ್ಯೆ ಇಟ್ಟಿರಿ. ಯಾವ ಸಂಖ್ಯೆ ಯಾವ ಪಟ್ಟಿ ಎಂದು ಬರೆದದ್ದು ಇನ್ನೊಂದು ಫೈಲಿನಲ್ಲಿ, ಅದಕ್ಕೂ ಸಂಖ್ಯೆಯೇ ಹೆಸರು. ಕೀಲಿಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಜಾಣರು. ಸರಿಯಾಗಿ ಆ ಫೈಲಿದ್ದ ಜಾಗವೇ ಕೆಟ್ಟುಹೋಗಿತ್ತು. ಉಳಿದ ಫೈಲುಗಳೊಳಗೆ ಒಂದೇ ಅಳತೆಯ ಪುಟಗಳು. ಯಾವ ಸಾಲು ಎಲ್ಲಿದೆ ಎಂಬ ಗುರುತುಗಳು ಪುಟದ ತಲೆಯಿಂದ ಇಳಿಯುತ್ತವೆ, ಸಾಲುಗಳು ಬುಡದಿಂದ ಏರುತ್ತವೆ, ನಡುವೆ ಖಾಲಿ. ಇಬ್ಬರು ಎರಡು ತುದಿಯಿಂದ ಹೊಲಿಯುತ್ತ ಬಂದ ಕೌದಿಯಂತೆ. ಇದನ್ನು ಕಟ್ಟಿದವರಿಗೆ ಕೈಕೆಲಸ ಗೊತ್ತಿತ್ತು ಎಂದು ಒಪ್ಪುತ್ತೇನೆ. ಅವರು ನಿನ್ನಂಥವರಲ್ಲ.

ಈಗ ನಿನ್ನ ಮಾತು. ನಮ್ಮ ಹೊಂಗೆಹಾಳದಲ್ಲಿ ಅರವತ್ತು ಮನೆ, ಕುಡಿಯಲು ಒಂದೇ ಒರತೆ. ಹೋದ ವರ್ಷ ಮೇಲಿನೂರಿನ ಹಿರಿಯ ಈರಬಸಪ್ಪ ನಮ್ಮ ಕೊಡಗಳನ್ನು ತಡೆದು ನಿಂತ. ಹಿಂದಿನ ಕಾಲದಲ್ಲಿ ಇಲ್ಲಿ ಹೊಂಗೆಹಾಳವೆಂಬ ಊರೇ ಇರಲಿಲ್ಲ, ನಾವು ಎಲ್ಲಿಂದಲೋ ಬಂದು ಸೇರಿದವರು ಎಂದು ಅವನ ವಾದ.

"ತಟ್ಟಿ ಓದಾಕಿ ನೀನ ಅಲ್ಲೇನ, ಬಾಳವ್ವ? ಅದರಾಗ ನಿಮ್ಮೂರ ಹೆಸರು ತೋರಸು. ಬರೋ ವರ್ಷ ಬನದ ಹುಣ್ಣಿಮಿ ತನಕ ನೋಡ್ತೀನಿ. ಸಿಗಲಿಲ್ಲಂದ್ರ ಕೊಡ ಎತಗೊಂಡು ನಡೀರಿ" ಎಂದ.

ಹನ್ನೊಂದು ತಿಂಗಳು ಒಂದೊಂದೇ ಫೈಲು ಬಿಚ್ಚಿದೆ. ಹೆಸರಿಲ್ಲದ ಫೈಲನ್ನು ಒಳಗಿರುವುದರಿಂದಲೇ ಗುರುತಿಸಬೇಕು, ಮುಚ್ಚಿದ ಗಡಿಗೆಯನ್ನು ಮೂಸಿ ನೋಡಿದ ಹಾಗೆ. ಕೊನೆಗೆ ೧೬೪೦೭ರಲ್ಲಿ ಈ ಒರತೆಯ ಹಕ್ಕಿದ್ದ ಊರುಗಳು ಸಿಕ್ಕವು. ಮೇಲಿನೂರು ಇತ್ತು. ನಾವು ಇರಲಿಲ್ಲ. ಆ ದಿನ ಅವ್ವನ ಮುಂದೆ ದೀಪ ಹಚ್ಚಲೂ ಮನಸ್ಸಾಗಲಿಲ್ಲ.

ಮರುದಿನ ನೆನಪಾಯಿತು. ಗಾಣಕ್ಕೆ ನಿಮ್ಮ ಯಂತ್ರಗಳದೇ ಚಾಳಿ: ಸತ್ತಿದೆ ಎಂಬ ಗುರುತಿರುವ ಸಾಲುಗಳನ್ನು ದಾಟಿಕೊಂಡು ಓದುತ್ತದೆ. ಆ ಚಾಳಿ ಬಿಡಿಸಿ, ಪುಟವನ್ನು ಬುಡದಿಂದ ಅಕ್ಷರ ಅಕ್ಷರವಾಗಿ ಓದಿಸಿದೆ. ಹೊಂಗೆಹಾಳ, ಐವತ್ತೆಂಟು ಮನೆ, ಒರತೆಯ ನೀರು. ತಲೆಯ ಮೇಲೆ ನಿನ್ನ ೮೮೨೧೩.

ಐವತ್ತೆಂಟು ಮನೆಗಳ ಊರನ್ನು ನೀನು ಕೂತಲ್ಲೇ ಒಂದು ಬೆರಳಿನಿಂದ ಅಳಿಸಿದೆ. ಯಾರ ಮಾತು ಕೇಳಿ ಅಳಿಸಿದೆಯೋ, ಕೇಳುವ ಮನಸ್ಸಿಲ್ಲ. ಆದರೆ ನಿಮ್ಮ ಯಂತ್ರ ಅಳಿಸು ಎಂದರೆ ಅಳಿಸುವುದಿಲ್ಲ. ಸತ್ತಿದೆ ಎಂದು ಗುರುತು ಹಾಕಿ ಅಲ್ಲೇ ಬಿಡುತ್ತದೆ. ಆಮೇಲೆ ಗುಡಿಸಿದರೆ ಮಾತ್ರ ಆ ಜಾಗ ಬೇರೆ ಸಾಲಿಗೆ ಸಿಗುತ್ತದೆ. ಗುಡಿಸುವುದೂ ನಿನ್ನದೇ ಕೆಲಸ. ನೀನು ಗುಡಿಸಲಿಲ್ಲ. ಕೊಲ್ಲಲು ಬಂದವನಿಗೆ ಹೂಳಲು ಬೇಸರ.

ಹುಣ್ಣಿಮೆಯ ದಿನ ಎಲ್ಲರೆದುರು ಓದಿ ತೋರಿಸಿದೆ. ಈರಬಸಪ್ಪ ಗದ್ದ ಕೆರೆದುಕೊಂಡು, "ಇದು ಸತ್ತ ಸಾಲಲ್ಲೇನವಾ?" ಎಂದ.

"ಸಾಯಬೇಕಂದ್ರ ಮೊದಲ ಬದುಕಿರಬೇಕಲ್ಲ, ಹಿರ್ಯಾ" ಎಂದೆ.

ಮೊದಲು ನಕ್ಕವಳು ಅವನ ಹೆಂಡತಿಯೇ. ಅವನು ದಾರಿ ಬಿಟ್ಟ. ನಮ್ಮ ಕೊಡಗಳು ನೀರಿಗಿಳಿದವು.

ಈ ಓಲೆಯನ್ನು ಅವ್ವನ ಕಲ್ಲಿನ ಕೆಳಗೆ ಇಡುತ್ತಿದ್ದೇನೆ. ತಲುಪಿಸುವುದು ಅವಳಿಗೆ ಸೇರಿದ್ದು. ಓದಿ ನಿನಗೆ ನಾಚಿಕೆಯಾದರೆ ಆಗಲಿ. ಆದರೆ ಆ ನಾಚಿಕೆಯಿಂದ ಬುದ್ಧಿ ಬಂದು, ಬಿಟ್ಟ ಕೆಲಸವನ್ನು ಮುಗಿಸಿಯೇ ಏಳುತ್ತೇನೆ ಎಂದು ಕೂರಬೇಡ. ನಿನ್ನ ಜನ್ಮದಲ್ಲಿ ನಿನ್ನಿಂದಾದ ಒಂದೇ ಪುಣ್ಯ, ನೀನು ಮಾಡದೆ ಬಿಟ್ಟ ಆ ಕೆಲಸ. ಅದನ್ನೂ ಕೆಡಿಸಬೇಡ. ಪೊರಕೆ ಮುಟ್ಟದೆ ಮನೆಗೆ ಹೋಗು, ಮಲಗು.

ಬಾಳವ್ವ
ಹೊಂಗೆಹಾಳ