ವಾರ್ಡನ್ನರ ಮೀಸೆ

ಲೋ ಉದ್ದಣ್ಣ,

ಇವತ್ತು ನಮ್ಮ ಹಾಸ್ಟೆಲ್ ಊಟದ ಹಾಲ್ ಗೋಡೆಯ ಸುಣ್ಣ ಕೆರೆದರು. ಮೂವತ್ತು ವರ್ಷದ ಮೇಲೆ ನಿನ್ನ ಚಿತ್ರ ಹೊರಗೆ ಬಂತು ಕಣೋ. ತಟ್ಟೆ ಹಿಡಿದು ಸಾಲಾಗಿ ನಿಂತ ಹುಡುಗರು, ಬೆವರು ಒರೆಸಿಕೊಳ್ಳೋ ಅಡುಗೆಯವರು, ಸೌಟು ಹಿಡಿದ ವಾರ್ಡನ್, ಅವರ ಮೂಗಿನ ಕೆಳಗೆ ಬೆಕ್ಕಿನ ಮೀಸೆ.

ಈಗ ಅದು ವಿಶ್ವವಿದ್ಯಾಲಯದ ಹೆಮ್ಮೆಯಂತೆ! ಕುಲಪತಿಗಳೇ ಬಂದಿದ್ದರು. ಹಳೇ ವಿದ್ಯಾರ್ಥಿ, ಈಗಿನ ಪ್ರೊಫೆಸರು ಅಂತ ನನ್ನನ್ನ ಮುಂದೆ ನಿಲ್ಲಿಸಿದರು. ಬರೆದವನು ನೀನು ಅಂತ ಹೇಳಿದೆ. ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿನಿ, "ಸರ್, ಇದರಲ್ಲಿ ನೀವೇನು ಬರೆದ್ರಿ?" ಅಂದಳು.

"ಆ ಮೀಸೆ. ಅವನು ಕೈ ತೊಳೆಯೋಕೆ ಹೋದಾಗ ತಮಾಷೆಗೆ ಬರೆದುಬಿಟ್ಟೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕುಲಪತಿಗಳು ನನ್ನ ಬೆನ್ನು ತಟ್ಟಿದರು.

ಅವತ್ತು ವಾರ್ಡನ್ ಕೇಳಿದ್ದೂ ಅದೇ ಮೀಸೆ ಬಗ್ಗೆ. ನಾನು ನೆಲ ನೋಡ್ತಾ ನಿನ್ನ ಕಡೆ ಬೆರಳು ತೋರಿಸಿದೆ. ನೀನು 'ನಾನಲ್ಲ' ಅನ್ನಲಿಲ್ಲ. ಓದು ಬಿಡಿಸಿ ಹೊರಗೆ ಹಾಕಿದಾಗಲೂ ನೀನು ಟ್ರಂಕ್ ಎತ್ತಿಕೊಂಡು, "ಬ್ರಷ್ ತೊಳೆದಿಡೋ, ಒಣಗಿದ್ರೆ ಹಾಳಾಗ್ತವೆ" ಅಂದೆ, ಅಷ್ಟೇ.

ನಿನ್ನ ವಿಳಾಸ ನನ್ನ ಹತ್ತಿರ ಇದೆ. ಇದನ್ನ ಕಳಿಸೋಕೆ ಮುಖ ಇಲ್ಲ.

ಬ್ರಷ್ಷನ್ನೂ ತೊಳೆಯಲಿಲ್ಲ ಕಣೋ.